ರಸೀದಿ

ಸಿದ್ದಾಪುರ ಸಂತೆಯ ಭಾನುವಾರ
ಒಣಮೀನಿನ ಸಾಲು ದಾಟಿದರೆ ಹಳೇ ಸೊಸೈಟಿಯ ಜಗಲಿ,
ಜಗಲಿಯಲ್ಲಿ ನಮ್ಮ ಕನ್ನಡಕದ ಮೇಜು.
ಯಾರೋ ಬದಲಾಯಿಸಿ ಬಿಟ್ಟ, ಯಾರೋ ತೀರಿಕೊಂಡು ಉಳಿಸಿಹೋದ
ಇನ್ನೂರ ಹದಿನಾಲ್ಕು ಜೊತೆ ಗಾಜು
ಬಿಸ್ಕತ್ತಿನ ಡಬ್ಬಿಗಳಲ್ಲಿ, ನಂಬರಿನ ಚೀಟಿ ಅಂಟಿಸಿಕೊಂಡು.

ನಾನು ಹೊಸ ಜಂಟಿ ಕಾರ್ಯದರ್ಶಿ.
ಗೋಣಿಕೊಪ್ಪಕ್ಕೆ ಹೋಗಿ ಫ್ಲೆಕ್ಸ್ ಮಾಡಿಸಿ ತಂದಿದ್ದೆ:
ಎಂಟಡಿ ಉದ್ದ, ಬಲಮೂಲೆಯಲ್ಲಿ ನನ್ನ ಮುಖ,
ಕೈ ಮುಗಿದಿದ್ದೆ, ಯಾರಿಗೆಂದು ಗೊತ್ತಿಲ್ಲ.
ಚೋಂದವ್ವ ಬಿಡಿಸಿ ನೋಡಿದರು, ಬೆರಳಲ್ಲಿ ತಿಕ್ಕಿದರು,
"ಗಟ್ಟಿ ಉಂಟು" ಎಂದರು,
ನೆಲಕ್ಕೆ ಹಾಸಿದರು.
ಮುಖ ಕೆಳಗೆ ಮಾಡಿ ಹಾಸಿದ್ದು ದಾಕ್ಷಿಣ್ಯವೆಂದು
ನನಗೆ ಹೊಳೆದದ್ದು ಮಧ್ಯಾಹ್ನದ ಮೇಲೆ.

ಮಡಿಕೇರಿ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸು,
ಈಗ ಎಪ್ಪತ್ತೆಂಟು, ಎರಡೂ ಮಂಡಿ ಹಟಮಾರಿ.
ಆದರೂ ನೆಲಕ್ಕೇ ಕೂತರು, ಬಂದವರ ಎದುರು, ಸರಿಸಮ.
ಕಿವಿಯ ಹಿಂದೆ ಕಡ್ಡಿ ಸಿಕ್ಕಿಸುವಾಗ
ಹಣೆಗೆ ಇಳಿದ ಕೂದಲನ್ನು ಮೊದಲು ಸರಿಸುತ್ತಿದ್ದರು.
"ನಿಂತು ಹಾಕಿದರೆ ಕತ್ತೆತ್ತಿ ನಿನ್ನನ್ನೇ ನೋಡುತ್ತಾರೆ,
ಸೂಜಿಯ ಕಣ್ಣು ನೋಡುವುದಿಲ್ಲ."
ಇದು ವೈದ್ಯಕೀಯವೋ ಬೇರೆ ಏನೋ ನಾನು ಕೇಳಲಿಲ್ಲ.

ಮೇಜಿನ ಆ ತುದಿಗೆ ಮೊಯ್ದುಕುಟ್ಟಿ ಹಾಜಿ,
ಖಜಾಂಚಿ, ಕಾರ್ಬನ್ ಹಾಳೆಯ ರಸೀದಿ ಪುಸ್ತಕ.
ಬರಿಗೈಯಲ್ಲಿ ಯಾರೂ ಬರುತ್ತಿರಲಿಲ್ಲ.
ಬಾತುಕೋಳಿ ಮೊಟ್ಟೆ ಎರಡು. ಅರ್ಧ ಕುಂಬಳಕಾಯಿ.
ಒಬ್ಬಾಕೆ ತಂದದ್ದು ಪೊರಕೆಗೆಂದು ಕೊಯ್ದ ಹುಲ್ಲು.
ಹಾಜಿಕ್ಕ ಒಂದೊಂದಕ್ಕೂ ಹೆಸರು ಕೇಳಿ, ಅಪ್ಪನ ಹೆಸರು ಕೇಳಿ,
ಅವರು ಉಚ್ಚರಿಸಿದ ಹಾಗೇ ಬರೆದು
'ವಂದನೆಗಳೊಂದಿಗೆ ಸ್ವೀಕರಿಸಿದೆ' ಎಂದು ಪೂರ್ತಿ ಸಹಿ ಹಾಕಿ
ಹರಿದು ಎರಡೂ ಕೈಯಿಂದ ಕೊಡುತ್ತಿದ್ದರು.
"ಹುಲ್ಲಿಗೂ ರಸೀದಿಯಾ?" ನಾನು ನಕ್ಕೆ.
ಅವರು ಕಾರ್ಬನ್ ಸರಿಮಾಡಿಕೊಂಡರು.
ಬಂದದ್ದಕ್ಕೆಲ್ಲ ಲೆಕ್ಕವಿತ್ತು.
ಸಂಜೆಯೊಳಗೆ ಬುಟ್ಟಿ ಖಾಲಿಯಾಗುತ್ತಿತ್ತು,
ಯಾವ ಬಸುರಿಗೆ ಯಾವ ಮೊಟ್ಟೆ ಹೋಯಿತೆಂಬುದಕ್ಕೆ
ಪುಸ್ತಕವಿರಲಿಲ್ಲ.

ನಾಲ್ಕೂವರೆ. ಆನೆ ರಸ್ತೆಗೆ ಇಳಿಯುವ ಮೊದಲು
ಎಲ್ಲರೂ ಮನೆ ಸೇರಬೇಕು. ಡಬ್ಬಿ ಮುಚ್ಚುತ್ತಿದ್ದೆ.
ಮಾಲ್ದಾರೆ ಕಡೆಯ ಹಾಡಿಯಿಂದ ಬೊಳ್ಚಿ ಬಂದಳು,
ಕಾಫಿ ಕೊಯ್ದು ಬೆರಳೆಲ್ಲ ಕಪ್ಪು.
ಒಂದೂ ಹೊಂದಲಿಲ್ಲ, ಹನ್ನೊಂದು ಹಾಕಿ ನೋಡಿದೆವು.
ಹಾಜಿಕ್ಕ ತಮ್ಮದನ್ನು ತೆಗೆದರು,
ಮುಂಡಿನ ಅಂಚಿನಲ್ಲಿ ಒರೆಸಿ ಚೋಂದವ್ವನ ಕೈಗಿಟ್ಟರು.
ಬೊಳ್ಚಿ ಸೂಜಿಯನ್ನು ಮುಟ್ಟಲೇ ಇಲ್ಲ.
ಸೊಂಟದಿಂದ ತೂಕದ ಚೀಟಿ ತೆಗೆದಳು,
ತುಟಿಯಾಡಿಸುತ್ತ ಓದಿದಳು:
"ಅರವತ್ತೆಂಟು ಅಂದಿದ್ದ.
ಐವತ್ತೆಂಟು ಬರೆದಿದ್ದಾನೆ."
ಸ್ವಲ್ಪ ಹೊತ್ತು ಸಂತೆಯ ಗದ್ದಲ ಮಾತ್ರ.

"ನನಗೆ ಅಂಗಡಿಯಲ್ಲಿ ಇನ್ನೊಂದುಂಟು" ಎಂದರು ಹಾಜಿಕ್ಕ.
ಅಂಗಡಿ ಮಾರಿ ಎರಡು ವರ್ಷ.
ಚೋಂದವ್ವನಿಗೂ ಗೊತ್ತು, ನನಗೂ ಗೊತ್ತು.

ಬೊಳ್ಚಿ ಎಲೆಯ ಪೊಟ್ಟಣ ಮೇಜಿನ ಮೇಲಿಟ್ಟಳು, ಸೂಜಿಮೆಣಸು.
ಹಾಜಿಕ್ಕ ಪೆನ್ನು ಹಿಡಿದರು, ಗೆರೆ ಸಿಗಲಿಲ್ಲ.
ಪುಸ್ತಕ ನನ್ನ ಕಡೆ ತಳ್ಳಿದರು, "ನೀ ಬರಿ, ಮೋನೇ."
ಹೆಸರು ಕೇಳಿದೆ. ಅಪ್ಪನ ಹೆಸರು ಕೇಳಿದೆ.
ನನ್ನ ಅಕ್ಷರ ಓರೆಯಾಗಿತ್ತು, ತಿದ್ದಲು ಅವರಿಗೆ ಕಾಣುತ್ತಿರಲಿಲ್ಲ.
ಒಂದು ಕೈಯಲ್ಲಿ ಚಾಚಿದವನು
ಇನ್ನೊಂದನ್ನೂ ತಂದು ಸೇರಿಸಿದೆ.

ಬಸ್ ಸ್ಟ್ಯಾಂಡಿನಲ್ಲಿ ಅವರು ನನ್ನ ಮೊಳಕೈ ಹಿಡಿದಿದ್ದರು.
ಜೀವನವಿಡೀ ಅಳತೆ ನೋಡಿ ಮೊಳೆ ಮಾರಿದವರು
"ಯಾವ ಬಸ್ಸು ಅದು?" ಎಂದು ಕೇಳಿದರು,
ನಾಚಿಕೆಯಿಲ್ಲದೆ, ಮಗು ಕೇಳುವ ಹಾಗೆ.
ನೆಲ್ಲಿಹುದಿಕೇರಿ, ಎಂದೆ.
"ಇನ್ನೊಮ್ಮೆ ಓದು." ಓದಿದೆ.

ಮರಳಿ ಬಂದಾಗ ಚೋಂದವ್ವ ಇನ್ನೂ ನೆಲದಲ್ಲೇ,
ಏಳಲಾಗದೆ, ಎರಡೂ ಕೈ ನನ್ನತ್ತ ಚಾಚಿ.
ಎಬ್ಬಿಸಿದೆ. ಫ್ಲೆಕ್ಸ್ ಕೊಡವಿದೆವು,
ಆ ತುದಿ ಅವರು, ಈ ತುದಿ ನಾನು,
ಸೀರೆ ಮಡಿಸುವಂತೆ ಹತ್ತಿರ ಬಂದು ದೂರ ಹೋಗಿ.
"ಬರುವ ತಿಂಗಳೂ ತಾ" ಎಂದರು,
"ಥಂಡಿಗೆ ಒಳ್ಳೇದು."